ಹಿಸ್ಟಮಿನ್ ಕೊಟ್ಟು ಹುಳುವಿನ ಒಂದು ಜೋಡಿ ನರಕೋಶವನ್ನು ಸುಮ್ಮನಾಗಿಸುವ ಬಗೆ

ಸಿ. ಎಲೆಗನ್ಸ್ ಎಂಬ ಪುಟ್ಟ ದುಂಡುಹುಳು ನರಸಂದೇಶಕ್ಕೆ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಳಸುವುದು ಕಂಡುಬಂದಿಲ್ಲ. ಹಾಗಾಗಿ ಹಣ್ಣುನೊಣದ ಹಿಸ್‌ಸಿಎಲ್1 ರಿಸೆಪ್ಟರನ್ನು (ಹಿಸ್ಟಮಿನ್ ಅಂಟಿದಾಗ ಪ್ರತಿಕ್ರಿಯಿಸುವ ಪ್ರೋಟೀನ್) ಬೇಕಾದ ಕೋಶದಲ್ಲಿ ಮಾತ್ರ ಕೂರಿಸಿ ಹಿಸ್ಟಮಿನ್ ಕೊಟ್ಟರೆ ಆ ಕೋಶವಷ್ಟೇ ಸುಮ್ಮನಾಗುತ್ತದೆ. ನರವಿಜ್ಞಾನಿ ಕೋರಿ ಬಾರ್ಗ್‌ಮನ್ ಅವರ ಪ್ರಯೋಗಾಲಯ ಇದನ್ನು 2014ರಲ್ಲಿ ಪ್ರಕಟಿಸಿತು. ಔಷಧ ಕೊಟ್ಟು ಕೋಶವನ್ನು ನಿಯಂತ್ರಿಸಲು ರೂಪಿಸಿದ ಡ್ರೆಡ್ ಬಗೆಯ ಜಿ-ಪ್ರೋಟೀನ್ ರಿಸೆಪ್ಟರ್‌ಗಳು ಕೋಶದೊಳಗಿನ ಮುಂದಿನ ಸರಪಳಿಯನ್ನು ನೆಚ್ಚಿಕೊಂಡಿವೆ. ಹಣ್ಣುನೊಣದ ಈ ರಿಸೆಪ್ಟರ್ ತಾನೇ ಕ್ಲೋರೈಡ್ ಚಾನೆಲ್, ಅಂದರೆ ಕ್ಲೋರೈಡನ್ನು ಒಳಬಿಟ್ಟು ಕೋಶವನ್ನು ಸುಮ್ಮನಾಗಿಸುವ ದ್ವಾರ. ಬರೀ ಸುಮ್ಮನಾಗಿಸುವ ಕೆಲಸಕ್ಕೆ ನಾವು ಇದನ್ನೇ ಆರಿಸುತ್ತೇವೆ.

ಎಡಬ್ಲ್ಯೂಎ ಎಂಬ ವಾಸನೆ ಗ್ರಹಿಸುವ ನರಕೋಶಗಳ ಜೋಡಿಗೆ ಓಡಿಆರ್-10 ಪ್ರೊಮೋಟರ್ (ಜೀನು ಯಾವ ಕೋಶದಲ್ಲಿ ಕೆಲಸ ಮಾಡಬೇಕೆಂದು ನಿರ್ಧರಿಸುವ ಡಿಎನ್‌ಎ ಭಾಗ) ಸಾಕು. ರಿಸೆಪ್ಟರ್ ಜೀನಿನ ನಂತರ, ಎರಡು ಪ್ರೋಟೀನುಗಳನ್ನು ಒಂದೇ ಜೋಡಣೆಯಿಂದ ತಯಾರಿಸಲು ಬಿಡುವ ಎಸ್‌ಎಲ್2 ತುಣುಕು, ಅದರ ನಂತರ ಕೆಂಪಾಗಿ ಹೊಳೆಯುವ ಪ್ರೋಟೀನ್ ಎಂಚೆರ‍್ರಿ ಜೋಡಿಸಿ. ಇದನ್ನು ಬಿಡಲೇಬಾರದು: ಚಾನೆಲ್ ಯಾವ ಕೋಶದಲ್ಲಿದೆ ಎಂದು ಕಣ್ಣಿಗೆ ಕಾಣುವುದು ಈ ಕೆಂಪಿನಿಂದಲೇ. ಹುಳುವಿಗೆ ಚುಚ್ಚುವ ಇಂಜೆಕ್ಷನ್ ಮಿಶ್ರಣದಲ್ಲಿ ಈ ಪ್ಲಾಸ್ಮಿಡ್ (ಜೀನುಗಳನ್ನು ಹೊತ್ತ ಡಿಎನ್‌ಎ ಉಂಗುರ) ಮೈಕ್ರೋಲೀಟರಿಗೆ 30 ನ್ಯಾನೋಗ್ರಾಂ, ದೇಹದ ಕುಹರದ ಕೋಶವಾದ ಸೀಲೋಮೊಸೈಟ್‌ನಲ್ಲಿ ಹಸಿರು ತೋರುವ ಗುರುತು 20, ಉಳಿದದ್ದು ಖಾಲಿ ಪ್ಲಾಸ್ಮಿಡ್, ಒಟ್ಟು 100. ಗಂಟಲಿನಲ್ಲಿ ಹೊಳೆಯುವ ಕೆಂಪು ಗುರುತು ಬೇಡ, ಅದರ ಬೆಳಕಿನಲ್ಲಿ ತಲೆಯ ನರಕೋಶಗಳು ಮುಚ್ಚಿಹೋಗುತ್ತವೆ.

ಪ್ಲೇಟುಗಳಿಗೆ 1.84 ಗ್ರಾಂ ಹಿಸ್ಟಮಿನ್ ಡೈಹೈಡ್ರೋಕ್ಲೋರೈಡನ್ನು ನೀರಿನಲ್ಲಿ ಕರಗಿಸಿ ಒಟ್ಟು 10 ಮಿಲಿಗೆ ತಂದರೆ 1 ಮೋಲಾರ್ ಸ್ಟಾಕ್. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಶುದ್ಧಗೊಳಿಸಿದ), ಹುಳು ಬೆಳೆಸುವ ಎನ್‌ಜಿಎಂ ಅಗರ್ 60 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಲೀಟರಿಗೆ 10 ಮಿಲಿ ಬೆರೆಸಿ. 10 ಮಿಲಿಮೋಲಾರ್ ಆಗುತ್ತದೆ. ತಡವಾದರೆ ಅಗರ್ ಗಟ್ಟಿಯಾಗತೊಡಗಿ ಹಿಸ್ಟಮಿನ್ ಸಮನಾಗಿ ಹರಡುವುದಿಲ್ಲ. ಅದೇ ಬ್ಯಾಚಿನಿಂದ ಹಿಸ್ಟಮಿನ್ ಬದಲು ಅಷ್ಟೇ ನೀರು ಹಾಕಿದ ಪ್ಲೇಟುಗಳೂ ಬೇಕು. ಎರಡೂ ನೋಡಲು ಒಂದೇ ರೀತಿ ಇರುವುದರಿಂದ ಸುರಿಯುವ ಮೊದಲೇ ಬಣ್ಣದ ಗೆರೆ ಎಳೆದುಬಿಡಿ.

ತೊಡಕು ಹೆಚ್ಚಾಗಿ ಹುಳುಗಳ ಆಯ್ಕೆಯಲ್ಲಿರುತ್ತದೆ. ಸೇರಿಸಿದ ಡಿಎನ್‌ಎ ಕ್ರೋಮೋಸೋಮಿನ ಹೊರಗೇ ಉಳಿಯುವುದರಿಂದ ಕೆಲವು ಕೋಶಗಳಿಗೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಹಸಿರು ಗುರುತು ಚೆನ್ನಾಗಿ ಕಂಡರೂ ಎಡಬ್ಲ್ಯೂಎ ಖಾಲಿ ಇರಬಹುದು. ಎರಡರಲ್ಲಿ ಒಂದೇ ಬದಿ ಕೆಂಪಾಗಿದ್ದರೆ ಫಲಿತಾಂಶ ಅರೆಬರೆ. ಎರಡೂ ಬದಿ ಕೆಂಪಾದವನ್ನಷ್ಟೇ ಆರಿಸಿ, ಕನಿಷ್ಠ ಎರಡು ಸ್ವತಂತ್ರ ತಳಿಗಳಲ್ಲಿ ನೋಡಿ. ತುಂಬ ಹುಳುಗಳು ಬೇಕಾದರೆ ಡಿಎನ್‌ಎಯನ್ನು ಕ್ರೋಮೋಸೋಮಿಗೆ ಸೇರಿಸಿ ತಳಿಯನ್ನು ಬದಲಾವಣೆ ಮಾಡದ ಕಾಡುತಳಿಯೊಂದಿಗೆ ಹಾಯಿಸುವುದೇ ಮೇಲು.

ಪರೀಕ್ಷೆಗೆ 20 ನಿಮಿಷ ಮುಂಚೆ ಹುಳುಗಳನ್ನು ಹಿಸ್ಟಮಿನ್ ಪ್ಲೇಟಿಗೆ ಹಾಕುತ್ತೇವೆ. ವಾಸನೆ ತೋರಿಸುವ ಪ್ಲೇಟಿನಲ್ಲೂ ಹಿಸ್ಟಮಿನ್ ಇರಬೇಕು, ಇಲ್ಲವಾದರೆ ಪರೀಕ್ಷೆಯ ನಡುವೆಯೇ ಕೋಶ ಚೇತರಿಸಿಕೊಳ್ಳುತ್ತದೆ. ಎಡಬ್ಲ್ಯೂಎ ಗ್ರಹಿಸುವ ವಾಸನೆಯ ವಸ್ತುವಾದ ಡೈಅಸಿಟೈಲ್ 1:1000 ದುರ್ಬಲಗೊಳಿಸಿದ್ದು ಸಾಕು; ಗಾಢವಾದರೆ ಬೇರೆ ಕೋಶಗಳೂ ಅದನ್ನು ಗ್ರಹಿಸುತ್ತವೆ. ವಾಸನೆಯ ಚುಕ್ಕೆ, ಎದುರಿನ ಚುಕ್ಕೆ ಎರಡರಲ್ಲೂ 1 ಮೋಲಾರ್ ಸೋಡಿಯಂ ಅಜೈಡ್ 1 ಮೈಕ್ರೋಲೀಟರ್ ಇಟ್ಟರೆ ತಲುಪಿದವು ಅಲ್ಲೇ ನಿಲ್ಲುತ್ತವೆ.

ನಮಗೆ ಅತಿ ನೆಚ್ಚಿನ ಹೋಲಿಕೆ ಅದೇ ಪ್ಲೇಟಿನಲ್ಲಿರುವ ಗುರುತಿಲ್ಲದ ಒಡಹುಟ್ಟಿದ ಹುಳುಗಳು. ಅವೂ ವಾಸನೆ ಹಿಡಿಯಲು ಎಡವಿದರೆ ತಪ್ಪು ಪ್ಲೇಟಿನದು. ಗುರುತಿರುವವು ವಾಸನೆ ಬಿಟ್ಟು ನಡಿಗೆಯಲ್ಲೂ ನಿಧಾನವಾದರೆ ಪ್ರೊಮೋಟರ್ ಸೋರುತ್ತಿದೆ, ಅಂದರೆ ಬೇರೆ ಕೋಶಗಳಲ್ಲೂ ಕೆಲಸ ಮಾಡುತ್ತಿದೆ ಎಂದು ಅನುಮಾನಿಸಿ. ಆಗ ಪ್ಲಾಸ್ಮಿಡ್ ಪ್ರಮಾಣ ಇಳಿಸಿ ಹೊಸ ತಳಿ ಮಾಡಿ.