ಸ್ಕೀ ಬೂಟಿನೊಳಗೆ ಕಾಲ್ಬೆರಳು ಬೆಚ್ಚಗಿಡಲು ನಾನು ಮಾಡುವುದು

ಸ್ಕೀ ಬೂಟಿನಲ್ಲಿ ಕಾಲ್ಬೆರಳು ಮರಗಟ್ಟಲು ಮೊದಲ ಕಾರಣ, ಅಲ್ಲಿಗೆ ರಕ್ತ ಸರಿಯಾಗಿ ಹರಿಯದಿರುವುದು. ಎರಡನೆಯದು ಬೆವರಿನ ತೇವ. ಹೊರಗಿನ ಚಳಿಯ ಸರದಿ ಇವೆರಡರ ನಂತರ. ಆದರೆ ಹೆಚ್ಚಿನವರು ಕೊನೆಯದರಿಂದ ಶುರು ಮಾಡುತ್ತಾರೆ: ದಪ್ಪ ಕಾಲುಚೀಲ, ಅದೂ ಸಾಲದಿದ್ದರೆ ಬೂಟಿನೊಳಗೆ ಕೂರುವ ಬ್ಯಾಟರಿ ಹೀಟರು. ನಾನು ಹೀಟರಿನ ಮಾತಿಗೆ ಬರುವುದು ಎಲ್ಲ ಮುಗಿದ ಮೇಲೆ. ಮೊದಲು ನೋಡುವುದು ಬೂಟಿನ ಅಳತೆ.

ಲೈನರನ್ನು, ಅಂದರೆ ಒಳಗಿನ ಮೆತ್ತನೆಯ ಬೂಟನ್ನು, ಪೂರ್ತಿ ಹೊರಗೆ ಎಳೆದು, ಬರಿಯ ಪ್ಲಾಸ್ಟಿಕ್ ಶೆಲ್ಲಿನೊಳಗೆ, ಅಂದರೆ ಹೊರಗಿನ ಗಟ್ಟಿ ಚಿಪ್ಪಿನೊಳಗೆ, ಪಾದ ಇಡಬೇಕು. ಬೆರಳ ತುದಿ ಮುಂದಿನ ಗೋಡೆಗೆ ತಾಗಿಯೂ ತಾಗದಂತೆ ಇರಲಿ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿದಿದೆ ನೋಡಬೇಕು. ಒಂದೂವರೆಯಿಂದ ಎರಡು ಸೆಂ.ಮೀ. ಇದ್ದರೆ ಸರಿ. ಒಂದಕ್ಕಿಂತ ಕಡಿಮೆ ಇದ್ದರೆ ಲೈನರ್ ಸೇರಿದ ಮೇಲೆ ಬೆರಳು ಗೋಡೆಗೆ ಒತ್ತುತ್ತದೆ. ಎರಡೂವರೆ ದಾಟಿದರೆ ಬೂಟು ದೊಡ್ಡದು.

ದೊಡ್ಡ ಬೂಟಿನಲ್ಲಿ ಗಾಳಿ ಹೆಚ್ಚಿದ್ದು ಬೆಚ್ಚಗಿರುತ್ತದೆ ಎಂಬ ನಂಬಿಕೆ ಬಲವಾಗಿದೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಹಿಮ್ಮಡಿ ಮೇಲೇಳುತ್ತದೆ, ಅದನ್ನು ಹಿಡಿದಿಡಲು ಬಕಲ್ ಬಿಗಿಯುತ್ತೇವೆ, ಬೆರಳುಗಳು ತಾವಾಗಿಯೇ ಮಡಚಿ ಅಡಿಯನ್ನು ಹಿಡಿದುಕೊಳ್ಳುತ್ತವೆ, ರಕ್ತ ನಿಲ್ಲುತ್ತದೆ. ಹಳೆಯ ಬೂಟಿನ ಕಥೆಯೂ ಇದೇ. ಲೈನರಿನ ಫೋಮ್ ಬಳಕೆಯಿಂದ ಅಮುಕಿ ತೆಳುವಾದಂತೆ ಬಕಲ್ ಒಂದೊಂದೇ ಹಲ್ಲು ಮುಂದೆ ಹೋಗುತ್ತದೆ. ಹಿಂದೆ ಬೆಚ್ಚಗಿದ್ದ ಬೂಟು ಈಗೀಗ ತಣ್ಣಗಾಗುತ್ತಿದೆ ಎಂದರೆ ನಾನು ಮೊದಲು ಅನುಮಾನಿಸುವುದು ಲೈನರನ್ನೇ.

ಎಲ್ಲಕ್ಕಿಂತ ಸೂಕ್ಷ್ಮ ಜಾಗ ಪಾದದ ಮೇಲ್ಗಡೆಯ ಉಬ್ಬು. ಬೆರಳುಗಳಿಗೆ ರಕ್ತ ಒಯ್ಯುವ ಒಂದು ಮುಖ್ಯ ಅಪಧಮನಿ ಅಲ್ಲಿ ಚರ್ಮದ ಕೆಳಗೆ, ಮೂಳೆಯ ಮೇಲೆಯೇ ಹಾದುಹೋಗುತ್ತದೆ. ಎರಡು ಬೆರಳಿಟ್ಟರೆ ಹೆಚ್ಚಿನವರಿಗೆ ಅಲ್ಲಿ ನಾಡಿ ಸಿಗುತ್ತದೆ. ಅದನ್ನು ಕಾಯುವ ಮಾಂಸವಾಗಲಿ ಕೊಬ್ಬಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಬೂಟಿನ ಮುಂದಿನಿಂದ ಎರಡನೆಯ ಬಕಲ್ ಒತ್ತುವುದು ಸರಿಸುಮಾರು ಇದೇ ಜಾಗವನ್ನು.

ಪರೀಕ್ಷೆ ಮನೆಯೊಳಗೇ ಮಾಡಬಹುದು. ಬೂಟು ಹಾಕಿ, ಇಳಿಜಾರಿನಲ್ಲಿ ಬಿಗಿಯುವಷ್ಟೇ ಬಿಗಿದು ಅರ್ಧ ಗಂಟೆ ನಿಲ್ಲಿ, ಓಡಾಡಿ. ಬೆಚ್ಚನೆಯ ಕೋಣೆಯಲ್ಲೇ ಜೋಮು ಹಿಡಿದರೆ ಅದು ಚಳಿಯ ಸಮಸ್ಯೆಯಲ್ಲ. ಯಾವ ಹೀಟರೂ ಅದನ್ನು ನೀಗಿಸುವುದಿಲ್ಲ. ಬೂಟು ಕಳಚಿದ ಕೂಡಲೇ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳುಚಿಕೊಂಡ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಬಣ್ಣ ತೆವಳುತ್ತಾ ಬಂದರೆ, ಮೇಲ್ಗಡೆಯ ಚರ್ಮದಲ್ಲಿ ಲೈನರಿನ ನಾಲಗೆಯ ಅಂಚು ಕೆಂಪಗೆ ಅಚ್ಚೊತ್ತಿದ್ದರೆ, ಒತ್ತಡ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅದಕ್ಕೆ ಮದ್ದು ಶೆಲ್ಲಿನ ತಳದಲ್ಲಿ, ಲೈನರಿನ ಕೆಳಗೆ ಕೂರುವ ಹಲಗೆಯಲ್ಲಿದೆ. ಅದನ್ನು ಎರಡು ಮೂರು ಮಿ.ಮೀ. ಉಜ್ಜಿ ತೆಳುಮಾಡಿದರೆ ಪಾದ ಅಷ್ಟು ಕೆಳಗಿಳಿದು ಮೇಲೆ ಜಾಗ ಸಿಗುತ್ತದೆ. ಹಿಮ್ಮಡಿ ಮತ್ತು ಮುಂಗಾಲಿನ ಎತ್ತರದ ವ್ಯತ್ಯಾಸ ಬದಲಾಗದಂತೆ ಉಜ್ಜಬೇಕಾದ್ದರಿಂದ ಇದನ್ನು ಬೂಟನ್ನು ಪಾದಕ್ಕೆ ಹೊಂದಿಸಿಕೊಡುವ ಬೂಟ್ ಫಿಟ್ಟರ್ ಕೈಗೆ ಕೊಡುವುದೇ ಲೇಸು. ಕಿರುಬೆರಳ ಪಕ್ಕ ಒತ್ತುತ್ತಿದ್ದರೆ ಶೆಲ್ಲನ್ನು ಬಿಸಿಮಾಡಿ ಅಲ್ಲಿಗಷ್ಟೇ ಹಿಗ್ಗಿಸುತ್ತಾರೆ. ಅಂಗಾಲಿನ ಕಮಾನು ಕುಸಿಯುವವರಿಗೆ ಲೈನರಿನೊಳಗೆ ಗಟ್ಟಿ ಅಡಿಹಾಸು, ಅಂದರೆ ಫುಟ್‌ಬೆಡ್, ಬೇಕೇ ಬೇಕು. ಕಮಾನು ಕುಸಿದಾಗ ಪಾದ ಉದ್ದವಾಗಿ ಬೆರಳು ಮುಂದಕ್ಕೆ ತಾಗುತ್ತದೆ.

ಬಕಲ್ ಹಾಕುವ ಕ್ರಮಕ್ಕೂ ಬೆರಳಿನ ಬಿಸಿಗೂ ನೇರ ಸಂಬಂಧವಿದೆ. ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸುತ್ತೇನೆ. ಆಮೇಲೆ ಕಣಕಾಲಿನ ಎರಡು ಮೇಲಿನ ಬಕಲ್ ಹಾಕಿ, ಮೊಣಕಾಲನ್ನು ಮುಂದಕ್ಕೆ ನಾಲ್ಕಾರು ಸಲ ಬಲವಾಗಿ ಬಗ್ಗಿಸುತ್ತೇನೆ. ಆಗ ಹಿಮ್ಮಡಿ ತನ್ನ ಗುಳಿಯಲ್ಲಿ ಕೂತು ಬೆರಳು ಗೋಡೆಯಿಂದ ಹಿಂದೆ ಸರಿಯುತ್ತದೆ. ಕೆಳಗಿನ ಎರಡನ್ನು ಮುಟ್ಟುವುದು ಅದಾದ ಮೇಲೆ, ಅದೂ ಒಂದು ಬೆರಳಿನ ಬಲಕ್ಕೆ ಮುಚ್ಚುವಷ್ಟು ಸಡಿಲವಾಗಿ. ತೀರಾ ಮುಂದಿನ ಬಕಲ್ ಹಿಮ ಒಳಬರದಂತೆ ಮುಚ್ಚಲಷ್ಟೇ. ಇಳಿಜಾರಿನ ಮೇಲಕ್ಕೆ ಒಯ್ಯುವ ತೂಗುಕುರ್ಚಿಗೆ, ಅಂದರೆ ಚೇರ್‌ಲಿಫ್ಟಿಗೆ, ಸಾಲು ನಿಂತಾಗ ಕೆಳಗಿನ ಎರಡೂ ತೆರೆದಿರುತ್ತವೆ. ಇಳಿದು ನಿಂತ ಮೇಲೆ ಮತ್ತೆ ಹಾಕುತ್ತೇನೆ.

ಕಾಲುಚೀಲ ಒಂದೇ ಜೊತೆ, ತೆಳ್ಳಗಿನ ಮೆರಿನೊ ಉಣ್ಣೆಯದು. ಎರಡು ಜೊತೆ ಹಾಕಿದರೆ ಜಾಗ ತಿಂದು, ಮಡಿಕೆ ಬಿದ್ದು ಒತ್ತುತ್ತದೆ. ಹತ್ತಿಯದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒಳಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಲೇಬಾರದು.

ತೇವದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಬೂಟು ಹಾಕುವ ಗಳಿಗೆಯಲ್ಲೇ ಒಣ ಕಾಲುಚೀಲ ಹಾಕುತ್ತೇನೆ. ವಾಹನ ಓಡಿಸಿಕೊಂಡು ಬಂದ ಚೀಲದಲ್ಲಿ ಆಗಲೇ ಬೆವರಿರುತ್ತದೆ. ಪಾದ ಹೆಚ್ಚು ಬೆವರುವವರು ಅಲ್ಯೂಮಿನಿಯಂ ಕ್ಲೋರೈಡ್ ಇರುವ ಬೆವರುನಿರೋಧಕವನ್ನು ರಾತ್ರಿ, ಪೂರ್ತಿ ಒಣಗಿದ ಅಂಗಾಲಿಗೆ ಹಚ್ಚಿ ಮಲಗಬಹುದು. ಸಂಜೆ ಬೂಟು ಕಳಚಿದ ಕೂಡಲೇ ಲೈನರ್ ಹೊರಗೆ, ಲೈನರಿನೊಳಗಿನ ಫುಟ್‌ಬೆಡ್ ಅದರಿಂದಲೂ ಹೊರಗೆ. ಕೈ ಹಾಕಿ ಬೆರಳಿನ ಗೂಡಿನ ತುದಿ ಮುಟ್ಟಿ ನೋಡಿ: ಮೇಲೆಲ್ಲ ಒಣಗಿದಂತಿದ್ದರೂ ಅಲ್ಲಿ ತಣ್ಣನೆಯ ಪಸೆ ಉಳಿದಿರುತ್ತದೆ. ಸುಮಾರು 40 ಡಿಗ್ರಿ ಗಾಳಿ ಊದುವ ಡ್ರೈಯರ್ ಸಾಕು. ಬೆಂಕಿಯ ಮುಂದಾಗಲಿ ರೇಡಿಯೇಟರ್ ಮೇಲಾಗಲಿ ಇಟ್ಟರೆ ಶಾಖಕ್ಕೆ ರೂಪು ಪಡೆಯುವ ಫೋಮ್ ವಕ್ರವಾಗುತ್ತದೆ. ರಾತ್ರಿಯಿಡೀ ಕಾರಿನಲ್ಲಿ ಬಿಟ್ಟ ಬೂಟು ಬೆಳಗ್ಗೆ ಕಲ್ಲಿನಂತಿರುತ್ತದೆ, ಒಳಗೆ ಸೇರಿದ ಚಳಿ ಮಧ್ಯಾಹ್ನದವರೆಗೂ ಬಿಡುವುದಿಲ್ಲ.

ಬೆವರಿಲ್ಲದೆಯೂ ಬೆರಳ ಬಳಿ ಒದ್ದೆಯಾಗುತ್ತಿದ್ದರೆ ಹಿಮ ಸೋರುತ್ತಿದೆ. ಶೆಲ್ಲಿನ ಎರಡು ಮಡಿಕೆ ಒಂದರ ಮೇಲೊಂದು ಕೂರುವ ಮುಂಭಾಗದ ಸಂದನ್ನು ನೋಡಿ. ಸದ್ಯಕ್ಕೆ ಅಲ್ಲಿ ಡಕ್ಟ್ ಟೇಪ್ ಅಂಟಿಸಿದರೆ ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬೆರಳು ತಣ್ಣಗಾದರೆ ಹೀಟರು ನಿಜಕ್ಕೂ ಕೆಲಸ ಮಾಡುತ್ತದೆ. ಬಿಸಿಯಾಗುವ ತೆಳು ಹಾಳೆ ಫುಟ್‌ಬೆಡ್‌ನಲ್ಲಿ ಬೆರಳುಗಳ ಬುಡಕ್ಕೆ ಬರುವಂತೆ ಕೂರುತ್ತದೆ, ತಂತಿ ಹಿಮ್ಮಡಿಯ ಹಿಂದಿನಿಂದ ಮೇಲೇರಿ ಬೂಟಿನ ಮೇಲ್ತುದಿಯ ಪಟ್ಟಿಗೆ ಸಿಕ್ಕಿಸಿದ ಬ್ಯಾಟರಿ ಸೇರುತ್ತದೆ. ತಂತಿ ಹರಡಿನ ಗಿಣ್ಣಿನ ಮೇಲೆ ಹಾದರೆ ಅಲ್ಲೇ ಒತ್ತುತ್ತದೆ, ಲೈನರ್ ತೆಗೆದು ಹಾಕುವಾಗ ತುಂಡಾಗುವುದೂ ಅಲ್ಲೇ. ಪಾದ ಬೆಚ್ಚಗಿರುವಾಗಲೇ ಅತಿ ಕಡಿಮೆ ಮಟ್ಟದಲ್ಲಿ ಹಚ್ಚಿ, ಲಿಫ್ಟಿನಲ್ಲಿ ಮಾತ್ರ ಒಂದು ಮಟ್ಟ ಏರಿಸುತ್ತೇನೆ. ಮರಗಟ್ಟಿದ ಮೇಲೆ ಹಚ್ಚಿದರೆ ಬ್ಯಾಟರಿ ಖಾಲಿಯಾಗುತ್ತದೆ, ಬೆರಳು ಬೆಚ್ಚಗಾಗುವುದಿಲ್ಲ. ಸದಾ ಗರಿಷ್ಠದಲ್ಲಿಟ್ಟರೆ ಪಾದ ಬೆವರಿ ಮತ್ತೆ ತೇವಕ್ಕೇ ಬಂದು ನಿಲ್ಲುತ್ತೇವೆ.

ಕಬ್ಬಿಣದ ಪುಡಿಯ ಬಿಸಿ ಪೊಟ್ಟಣಗಳ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ಅವಕ್ಕೆ ಆಮ್ಲಜನಕ ಬೇಕು, ಮುಚ್ಚಿದ ಬೂಟಿನಲ್ಲಿ ಅದು ಕಡಿಮೆ. ಬಳಸುವುದೇ ಆದರೆ ಬೆರಳಿಗೆಂದೇ ಮಾಡಿದ ತೆಳು ಪೊಟ್ಟಣವನ್ನು ಗಾಳಿಗೆ ಬಿಚ್ಚಿಟ್ಟು, ಬಿಸಿ ಹತ್ತಿದ ಮೇಲೆ, ಕಾಲುಚೀಲದ ಹೊರಗೆ ಅಂಟಿಸಿ. ಬರಿಯ ಚರ್ಮಕ್ಕೆ ಬೇಡ. ಅದಕ್ಕಿಂತ ಬೂಟಿನ ಮೇಲೆ ತೊಡಿಸುವ ನಿಯೋಪ್ರೀನ್ ಹೊದಿಕೆ ವಾಸಿ. ಒಳಗಿನ ಜಾಗ ಕದಿಯುವುದಿಲ್ಲ, ಗಾಳಿಯನ್ನು ತಡೆಯುತ್ತದೆ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಹಿಡಿಯುವ ತುದಿ ಮತ್ತು ಹಿಮ್ಮಡಿಯ ಅಂಚನ್ನು ಮಾತ್ರ ಅದು ಮುಚ್ಚಬಾರದು.

ಮೈ ತಣ್ಣಗಾದರೆ ದೇಹ ಮೊದಲು ಕೈಬಿಡುವುದು ಬೆರಳುಗಳನ್ನೇ. ಹಾಗಾಗಿ ಎದೆ, ತೊಡೆಗಳಿಗೆ ಬೆಚ್ಚನೆಯ ಬಟ್ಟೆ, ಹೊಟ್ಟೆಗೆ ಊಟ, ಸಾಕಷ್ಟು ನೀರು, ಇವೂ ಕಾಲಿನ ಆರೈಕೆಯೇ. ತಂಬಾಕು ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಲಿಫ್ಟಿನಲ್ಲಿ ಪಾದದಾಸರೆ ಇದ್ದರೆ ಸ್ಕೀಯ ಭಾರವನ್ನು ಅದರ ಮೇಲಿಟ್ಟು ಬೆರಳು ಆಡಿಸುತ್ತಿರಿ. ಮರಗಟ್ಟಲು ಶುರುವಾದಾಗ ಸ್ಕೀ ಕಳಚಿ, ಕೋಲುಗಳನ್ನು ಊರಿ, ಒಂದೊಂದು ಕಾಲನ್ನೂ ಸೊಂಟದಿಂದ ಹಿಂದೆ ಮುಂದೆ ಮೂವತ್ತು ಸಲ ಜೋರಾಗಿ ಬೀಸಿದರೆ ರಕ್ತ ತುದಿಯವರೆಗೆ ಹೋಗುತ್ತದೆ.

ನೋವಿದ್ದ ಬೆರಳು ಬೆಚ್ಚಗಾಗದೆಯೇ ನೋವು ನಿಂತುಹೋದರೆ ಕೂಡಲೇ ಒಳಗೆ ಹೋಗಿ ಬೂಟು ಕಳಚಬೇಕು. ಚರ್ಮ ಬಿಳುಚಿ ಮೇಣದಂತಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ, ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಹೀಟರು, ಪೊಟ್ಟಣ ಎರಡನ್ನೂ ವೈದ್ಯರನ್ನು ಕೇಳದೆ ಬಳಸಬಾರದು. ಬೆರಳು ಗಟ್ಟಿಯಾಗಿದ್ದರೆ ಅಥವಾ ಬೊಬ್ಬೆ ಎದ್ದರೆ ಆ ದಿನದ ಸ್ಕೀಯಿಂಗ್ ಮುಗಿಯಿತು, ನೇರ ವೈದ್ಯರ ಬಳಿ ಹೋಗಿ.