ಕೊನೆಯ ಚೆಂಡು ಏಳನೇ ನಂಬರಿಗೇ ಏಕೆ ಹೋಗಬೇಕು?

ಪಂದ್ಯದ ಕೊನೆಯ ಟೈಮೌಟ್‌ನಲ್ಲಿ ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದ ಚಿತ್ರಗಳಲ್ಲಿ ಸ್ಕ್ರೀನ್ ಹಾಕುವ (ಎದುರಾಳಿಯ ದಾರಿಗೆ ಅಡ್ಡ ನಿಲ್ಲುವ) ಜಾಗ ಬದಲಾಗುತ್ತಿತ್ತು, ಚೆಂಡು ಒಳಗೆ ಬರುವ ಬದಿಯೂ ಬದಲಾಗುತ್ತಿತ್ತು. ಆದರೆ ಬಾಣದ ತುದಿ ಮಾತ್ರ ಎರಡು ವರ್ಷಗಳ ಕಾಲ ಏಳನೇ ನಂಬರಿನ ಹುಡುಗಿಯ ಬಳಿಗೇ ಹೋಗಿ ನಿಲ್ಲುತ್ತಿತ್ತು. ಮೈಸೂರು ಭಾಗದ ಒಂದು ಪದವಿ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾನು ತರಬೇತಿ ಕೊಡುತ್ತೇನೆ. ಬಲಗಡೆಗೆ ಎರಡು ಡ್ರಿಬಲ್ ಹಾಕಿ, ಥಟ್ಟನೆ ನಿಂತು, ಎದುರಿನವಳ ಕೈ ಮೇಲೇಳುವ ಮೊದಲೇ ಚೆಂಡು ಬಿಡುವುದು ಆ ಹುಡುಗಿಯ ಆಟವಾಗಿತ್ತು. ಅಂಥವಳು ತಂಡದಲ್ಲಿದ್ದರೆ ಕೋಚ್‌ಗೆ ಅಂಕಕ್ಕಿಂತ ಮೊದಲು ನೆಮ್ಮದಿ ಸಿಗುತ್ತದೆ. ಅವಳು ಹೊಡೆದು ತಪ್ಪಿದರೆ ಕೋಚನ್ನು ಯಾರೂ ಪ್ರಶ್ನಿಸುವುದಿಲ್ಲ. ಬೇರೆ ಯಾರೋ ಹೊಡೆದು ತಪ್ಪಿದರೆ ಪ್ರಾಂಶುಪಾಲರಿಂದ ಹಿಡಿದು ಬಸ್ಸಿನ ಚಾಲಕರವರೆಗೆ ಎಲ್ಲರೂ ಪ್ರಶ್ನಿಸುತ್ತಾರೆ. ಈ ಲೆಕ್ಕಾಚಾರ ನನ್ನೊಳಗೂ ಇತ್ತೆಂಬುದನ್ನು ಆಗ ನಾನು ಒಪ್ಪಿಕೊಳ್ಳುತ್ತಿರಲಿಲ್ಲ.

ಅವಳ ಎರಡನೇ ವರ್ಷದ ಅಂತರ ಕಾಲೇಜು ಟೂರ್ನಿಯ ಸೆಮಿಫೈನಲ್‌ನಲ್ಲಿ ಎದುರಾಳಿ ಕೋಚ್ ನಾಲ್ಕನೇ ಕ್ವಾರ್ಟರ್ ಶುರುವಾಗುತ್ತಲೇ ಬಾಕ್ಸ್ ಅಂಡ್ ಒನ್ ಆಡಿಸಿದರು. ಅಂದರೆ ನಾಲ್ವರು ಬ್ಯಾಸ್ಕೆಟ್ಟಿನ ಮುಂದೆ ಚೌಕವಾಗಿ ನಿಂತು ತಮ್ಮ ತಮ್ಮ ಜಾಗ ಕಾಯುವುದು, ಐದನೆಯವಳು ಬೇರೆ ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ನಮ್ಮ ಏಳನೇ ನಂಬರಿನವಳಿಗೆ ನೆರಳಿನಂತೆ ಅಂಟಿಕೊಳ್ಳುವುದು. ಒಬ್ಬಳನ್ನೇ ನಂಬಿದ ತಂಡಕ್ಕೆ ನಮ್ಮ ಮಟ್ಟದಲ್ಲಿ ಇದಕ್ಕಿಂತ ಅಗ್ಗದ ಮದ್ದಿಲ್ಲ. ಹೆಚ್ಚುಕಡಿಮೆ ಹತ್ತು ನಿಮಿಷ ಅವಳು ಬರೀ ಚೆಂಡು ಪಡೆಯುವುದಕ್ಕಾಗಿಯೇ ಓಡಿ ಓಡಿ ಬಸವಳಿದಳು. ಒಂದು ಅಂಕ ಹಿಂದಿದ್ದು ಹನ್ನೊಂದು ಸೆಕೆಂಡು ಉಳಿದಿದ್ದಾಗ ನಾನು ಟೈಮೌಟ್ ಕೇಳಿ ಮತ್ತೆ ಅದೇ ಬಾಣ ಬಿಡಿಸಿದೆ. ಇಬ್ಬರು ಮೇಲೆ ಬಿದ್ದರೂ ಅವಳು ಹೊಡೆದಳು. ಚೆಂಡು ರಿಂಗಿನ ಮುಂಭಾಗಕ್ಕೆ ತಗುಲಿ ಕೆಳಗೆ ಬಿತ್ತು.

ಆಟಗಾರ್ತಿಯೊಬ್ಬಳ ತಂದೆ ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊವನ್ನು ಆ ರಾತ್ರಿ ಹಲವು ಬಾರಿ ನೋಡಿದೆ. ಏಳನೇ ನಂಬರಿನವಳು ಚೆಂಡು ಹಿಡಿದ ಗಳಿಗೆಯಿಂದ ಅದು ರಿಂಗಿಗೆ ಬಡಿಯುವವರೆಗೆ ನಮ್ಮ ಉಳಿದ ನಾಲ್ವರಲ್ಲಿ ಒಬ್ಬಳೂ ಕದಲಿರಲಿಲ್ಲ. ಕಾರ್ನರಿನಲ್ಲಿದ್ದ ಹನ್ನೆರಡನೇ ನಂಬರಿನವಳ ಹತ್ತಿರ ಎದುರಾಳಿಗಳು ಯಾರೂ ಇರಲಿಲ್ಲ, ಆದರೆ ಅವಳ ಕೈಗಳು ಮೊಣಕಾಲಿನ ಮೇಲಿದ್ದವು. ರೀಬೌಂಡಿಗೆ, ಅಂದರೆ ತಪ್ಪಿ ಮರಳಿದ ಚೆಂಡು ಹಿಡಿಯಲು, ನುಗ್ಗಬೇಕಾಗಿದ್ದ ಸೆಂಟರ್ (ಬ್ಯಾಸ್ಕೆಟ್ಟಿನ ಬಳಿ ಆಡುವವಳು), ಟಿಕೆಟ್ ಕೊಟ್ಟು ಬಂದವಳ ಹಾಗೆ ಕತ್ತೆತ್ತಿ ನೋಡುತ್ತಾ ನಿಂತಿದ್ದಳು. ಮರುದಿನ ಹನ್ನೆರಡನೇ ನಂಬರಿನವಳನ್ನು ಕರೆದು, "ಅಷ್ಟು ಖಾಲಿ ಇದ್ದೆಯಲ್ಲಮ್ಮ, ಚೆಂಡು ಏಕೆ ಕೇಳಲಿಲ್ಲ?" ಎಂದೆ. "ಅಕ್ಕ ಇದ್ದರಲ್ಲ ಸರ್, ನಾನು ಹೇಗೆ ಕೇಳಲಿ?" ಎಂದಳು.

ಒಬ್ಬಳ ಮೇಲಿನ ಅವಲಂಬನೆಯನ್ನು ಅಲ್ಲಿಯವರೆಗೆ ನಾನು ತಂತ್ರವೆಂದು ತಿಳಿದಿದ್ದೆ. ನಮ್ಮ ಕಾಲೇಜು ತಂಡಗಳಲ್ಲಿ ಅದರ ಬಹುಪಾಲು ಸೀನಿಯರ್‌ಗೆ ತೋರುವ ಮರ್ಯಾದೆ. ಹಾಸ್ಟೆಲಿನಲ್ಲಿ ಅಕ್ಕನಾದವಳು ಅಂಗಳದಲ್ಲೂ ಅಕ್ಕನೇ. ಅವಳೆದುರು ಜೂನಿಯರ್ ಹೊಡೆದು ತಪ್ಪಿದರೆ ಅದು ಬರೀ ತಪ್ಪಿದ ಶಾಟ್ ಆಗಿ ಉಳಿಯುವುದಿಲ್ಲ, ಅಧಿಕಪ್ರಸಂಗವಾಗುತ್ತದೆ. ಹೀಗಾಗಿ ನಾನು ಮೊದಲು ಮಾಡಿದ ಬದಲಾವಣೆ ಆಟಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಅಂಗಳದ ಗೆರೆಯೊಳಗೆ ಎಲ್ಲರೂ ಎಲ್ಲರನ್ನೂ ನಂಬರಿನಿಂದಲೇ ಕರೆಯಬೇಕು ಎಂದು ನಿಯಮ ಮಾಡಿದೆ. ಮೊದಲ ವಾರ "ಸೆವೆನ್... ಅಕ್ಕ" ಎಂದು ಎರಡನ್ನೂ ಸೇರಿಸಿ ಕೂಗುತ್ತಿದ್ದರು.

ಆಮೇಲೆ 1997ರ ಜೂನ್‌ನ ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನ ಆರನೇ ಪಂದ್ಯದ ಕೊನೆಯ ಕ್ಷಣಗಳನ್ನು ತೋರಿಸಿದೆ. ಚಿಕಾಗೊ ಬುಲ್ಸ್ ಮತ್ತು ಯೂಟಾ ಜಾಝ್ 86-86ರಲ್ಲಿ ಸಮನಾಗಿದ್ದವು. ಚೆಂಡು ಬುಲ್ಸ್‌ನ ತಾರೆ ಮೈಕಲ್ ಜೋರ್ಡನ್ ಕೈಗೇ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಹೋಯಿತು ಕೂಡ. ಆದರೆ ಯೂಟಾದ ಜಾನ್ ಸ್ಟಾಕ್ಟನ್ ತಾವು ಕಾಯುತ್ತಿದ್ದವನನ್ನು ಬಿಟ್ಟು ಜೋರ್ಡನ್ ಕಡೆ ಬಂದೊಡನೆ ಅದು ಜೋರ್ಡನ್ ಅವರ ಜೊತೆಗಾರ ಸ್ಟೀವ್ ಕೆರ್ ಕೈ ಸೇರಿತು, ಸುಮಾರು ಐದು ಸೆಕೆಂಡು ಉಳಿದಿರುವಾಗ ಕೆರ್ ಬ್ಯಾಸ್ಕೆಟ್ ಹಾಕಿದರು, ಕೊನೆಗೆ ಬುಲ್ಸ್ 90-86ರಿಂದ ಗೆದ್ದು ಚಾಂಪಿಯನ್ ಆಯಿತು. ಸ್ಟಾಕ್ಟನ್ ಬರುತ್ತಾರೆ, ಸಿದ್ಧವಾಗಿರು ಎಂದು ಜೋರ್ಡನ್ ಅದಕ್ಕೂ ಮೊದಲಿನ ಟೈಮೌಟ್‌ನಲ್ಲೇ ಕೆರ್‌ಗೆ ಹೇಳಿಟ್ಟಿದ್ದರು. ಮರುವರ್ಷ ಅದೇ ಯೂಟಾ ಎದುರಿನ ಆರನೇ ಪಂದ್ಯದಲ್ಲಿ 5.2 ಸೆಕೆಂಡು ಉಳಿದಿರುವಾಗ 87-86 ಮಾಡಿದವರು ಸ್ವತಃ ಜೋರ್ಡನ್. ಆಗ ಅವರೆದುರು ಬ್ರಯಾನ್ ರಸೆಲ್ ಒಬ್ಬರೇ ಇದ್ದರು, ಎರಡನೆಯವರು ನೆರವಿಗೆ ಬರಲಿಲ್ಲ. ಹಿಂದಿನ ವರ್ಷದ ಆ ಒಂದು ಪಾಸ್ ಯೂಟಾದವರ ಕಾಲುಗಳನ್ನು ಕಟ್ಟಿಹಾಕಿತ್ತೆಂಬುದು ನನ್ನ ಊಹೆ. ಜೋರ್ಡನ್‌ಗೇ ಕೆರ್ ಬೇಕಾಗಿದ್ದರು ಎಂದಾಗ ನಮ್ಮ ಏಳನೇ ನಂಬರಿನವಳು ಏನೂ ಹೇಳದೆ ಪರದೆಯನ್ನೇ ನೋಡುತ್ತಿದ್ದಳು.

ಅಭ್ಯಾಸದ ಕೊನೆಗೆ, ಕಾಲುಗಳು ಸೋತ ಹೊತ್ತಿನಲ್ಲಿ, ದಿನವೂ ನಲವತ್ತು ಸೆಕೆಂಡಿನ ಪಂದ್ಯವನ್ನು ನಾಲ್ಕೈದು ಬಾರಿ ಆಡಿಸತೊಡಗಿದೆ: ನಾವು ಎರಡು ಅಂಕ ಹಿಂದೆ, ಚೆಂಡು ನಮ್ಮದು. ಮೊದಲ ಎರಡು ವಾರ ಏಳನೇ ನಂಬರಿನವಳು ಚೆಂಡು ಹಿಡಿಯಬಹುದು, ಹೊಡೆಯುವಂತಿಲ್ಲ. ಆ ಎರಡು ವಾರ ನೋಡಲಾಗದಷ್ಟು ಕೆಟ್ಟದಾಗಿದ್ದವು. ಚೆಂಡು ಕೈಗೆ ಬಂದವಳು ಕೆಂಡ ಮುಟ್ಟಿದಂತೆ ಅದನ್ನು ಅವಳಿಗೇ ಮರಳಿಸುತ್ತಿದ್ದಳು. ಹಾಗಾಗಿ ಅವಳಿಗೆ ಮರಳಿಸುವ ಪಾಸ್ ಅನ್ನು ಚೆಂಡು ಕಳೆದುಕೊಂಡಂತೆಯೇ ಲೆಕ್ಕ ಹಾಕಿದೆ. ಬಳಿಕ ಅವಳಿಗೆ ಹೊಡೆಯುವ ಅನುಮತಿ ಕೊಟ್ಟೆ, ಎದುರಿಗೆ ಒಬ್ಬಳೇ ಇದ್ದರೆ ಮಾತ್ರ. ಎರಡನೆಯವಳು ಹೆಜ್ಜೆ ಇಟ್ಟೊಡನೆ ಚೆಂಡು ಕೈಬಿಡಬೇಕು. ಸೆಂಟರ್‌ಗೆ ಹೇಳಿದ್ದು ಒಂದೇ ಮಾತು: ಶಾಟ್ ಬೀಳುತ್ತದೆಯೋ ಇಲ್ಲವೋ ನೋಡುವುದು ಬೇರೆಯವರ ಕೆಲಸ, ನೀನು ಒಳಗೆ ನುಗ್ಗು. 2013ರ ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯದಲ್ಲಿ ಮಯಾಮಿಯ ಲೆಬ್ರಾನ್ ಜೇಮ್ಸ್ ಹೊಡೆದು ತಪ್ಪಿದ ಚೆಂಡನ್ನು ಅದೇ ತಂಡದ ಕ್ರಿಸ್ ಬಾಷ್ ಹಿಡಿದು ಕಾರ್ನರಿಗೆ ಕೊಡದೆ ಹೋಗಿದ್ದರೆ ರೇ ಆಲನ್ ಅವರ ಆ ಪ್ರಸಿದ್ಧ ಮೂರಂಕದ ಶಾಟ್ ಇರುತ್ತಲೇ ಇರಲಿಲ್ಲ.

ಇನ್ನೊಂದು ಸಣ್ಣ ಬದಲಾವಣೆ ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಕೊನೆಯ ಎರಡು ನಿಮಿಷಗಳಲ್ಲಿ ಟೈಮೌಟ್ ತೆಗೆದುಕೊಂಡ ತಂಡ, ತನ್ನ ಬದಿಯಲ್ಲಿದ್ದ ಚೆಂಡನ್ನು ಎದುರಾಳಿಯ ಬದಿಯ ಪಕ್ಕದ ಗೆರೆಯಿಂದ ಒಳಗೆ ಎಸೆಯಬಹುದೆಂದು ನಿಯಮವಿದೆ. ಹೀಗೆ ಎಸೆಯಲು ನಾನು ಯಾವಾಗಲೂ ಹೊಡೆಯಲು ಬಾರದವಳನ್ನೇ ನಿಲ್ಲಿಸುತ್ತಿದ್ದೆ. ಈಗ ಏಳನೇ ನಂಬರಿನವಳನ್ನೇ ಗೆರೆಯಾಚೆ ನಿಲ್ಲಿಸಿದೆ. ಚೆಂಡು ಅವಳ ಕೈಬಿಟ್ಟ ಮರುಕ್ಷಣ ಎದುರಾಳಿಗಳ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಅವಳು ಒಳಗೆ ಕಾಲಿಡುವಾಗ ಮೈಗೆ ಅಂಟಿಕೊಂಡವರು ಯಾರೂ ಇರುವುದಿಲ್ಲ.

ಅವಳಿಗೆ ಇದೆಲ್ಲ ಹಿಡಿಸಲಿಲ್ಲ. "ನನ್ನ ಮೇಲೆ ನಂಬಿಕೆ ಹೋಯಿತಾ ಸರ್?" ಎಂದು ಒಂದು ಸಂಜೆ ನೇರವಾಗಿ ಕೇಳಿದಳು. ನಿನ್ನ ಕೈಯನ್ನು ನಂಬಿದ್ದೆ, ಈಗ ನಿನ್ನ ಕಣ್ಣನ್ನು ನಂಬುತ್ತಿದ್ದೇನೆ ಎಂದೆ. ಉತ್ತರ ನನಗೇ ಸ್ವಲ್ಪ ನಾಟಕೀಯವೆನಿಸಿತು, ಅವಳಿಗೂ ಅನಿಸಿರಬೇಕು. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿದ್ದನ್ನು ನೆನಪಿಸಿದೆ. ಎರಡೇ ಅಂಕದಲ್ಲಿ ಗೆದ್ದ ಪಂದ್ಯದಲ್ಲಿ ಎರಡನೇ ಕ್ವಾರ್ಟರಿನಲ್ಲಿ ಯಾರೋ ಬ್ಯಾಸ್ಕೆಟ್ಟಿನ ಹತ್ತಿರದಿಂದ ಹಾಕಿದ ಲೇಅಪ್ ಕೂಡ ಗೆಲುವಿನ ಬ್ಯಾಸ್ಕೆಟ್ಟೇ ಎಂಬ ಮಾತು ಅವಳಿಗೆ ಸ್ವಲ್ಪ ನಾಟಿತು.

ಅವಳ ಕೊನೆಯ ವರ್ಷದ ಸೆಮಿಫೈನಲ್‌ನಲ್ಲಿ ಮತ್ತೆ ಒಂದು ಅಂಕ ಹಿಂದಿದ್ದೆವು. ಇಬ್ಬರು ಅವಳನ್ನು ಮುತ್ತಿದರು, ಅವಳು ಕಾರ್ನರಿಗೆ ಕೊಟ್ಟಳು, ಹನ್ನೆರಡನೇ ನಂಬರಿನವಳು ಹಿಂದೆಮುಂದೆ ನೋಡದೆ ಹೊಡೆದಳು ಮತ್ತು ತಪ್ಪಿದಳು. ಒಳನುಗ್ಗಿದ್ದ ಸೆಂಟರ್ ಆ ಚೆಂಡನ್ನು ಹಿಡಿದು ಹಾಕಿ ಗೆಲ್ಲಿಸಿದಳು. ಫೈನಲ್‌ನಲ್ಲಿ ಹದಿಮೂರು ಅಂಕಗಳಿಂದ ಸೋತೆವು. ಕೊನೆಯ ಚೆಂಡು ಯಾರಿಗೆ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ.

ಏಳನೇ ನಂಬರಿನವಳು ಪದವಿ ಮುಗಿಸಿ ಹೋದ ಮೇಲೆ ಈಗಿನ ತಂಡದಲ್ಲಿ ಐವರೂ ಪಾಸ್ ಮಾಡುತ್ತಾರೆ, ಐವರೂ ಹೊಡೆಯುತ್ತಾರೆ. ಆದರೆ ಹಾಕಿಕೊಂಡ ಯೋಜನೆ ಮುರಿದುಬಿದ್ದು ನಾಲ್ಕು ಸೆಕೆಂಡು ಉಳಿದಾಗ, ಬರಿಗೈಯಿಂದ ಒಂದು ಶಾಟ್ ಹುಟ್ಟಿಸಿಕೊಳ್ಳುವವಳು ಯಾರೂ ಇಲ್ಲ, ಅದರಿಂದಾಗಿ ಈ ವರ್ಷ ಎರಡು ಪಂದ್ಯ ಕಳೆದುಕೊಂಡಿದ್ದೇವೆ. ಕಾಲೇಜು ಶುರುವಾಗುವ ಮೊದಲು, ಬೆಳಿಗ್ಗೆ ಆರೂವರೆಗೆ, ಹನ್ನೆರಡನೇ ನಂಬರಿನವಳಿಗೆ ಬಲಗಡೆಗೆ ಎರಡು ಡ್ರಿಬಲ್ ಹಾಕಿ ಥಟ್ಟನೆ ನಿಲ್ಲುವುದನ್ನು ಕಲಿಸುತ್ತಿದ್ದೇನೆ.