ಮೊಲವನ್ನು ಓಡಿಸುವುದು, ಆಮೆಯನ್ನು ನಡೆಸುವುದು

ಈಸೋಪನ ಆಮೆ–ಮೊಲದ ಕಥೆಯನ್ನು ಸ್ಟಾಪ್‌ ಮೋಷನ್‌ ಚಿತ್ರವಾಗಿಸಲು, ಅಂದರೆ ಬೊಂಬೆಗಳನ್ನು ಚೂರುಚೂರೇ ಸರಿಸುತ್ತ ಒಂದೊಂದೇ ಫೋಟೊ ತೆಗೆದು ಜೋಡಿಸಿ ಚಲನಚಿತ್ರ ಮಾಡಲು, ಅಮೆರಿಕದ ಆನಿಮೇಷನ್‌ ಕಲಾವಿದ ರೇ ಹ್ಯಾರಿಹೌಸನ್‌ 1952ರಲ್ಲಿ ಕೈಹಾಕಿದರು. ದೊಡ್ಡ ಚಿತ್ರಗಳ ಕೆಲಸ ಬಂದು ಅರ್ಧಕ್ಕೆ ನಿಂತ ಅದನ್ನು ಮಾರ್ಕ್‌ ಕ್ಯಾಬಲೆರೊ ಮತ್ತು ಸೀಮಸ್‌ ವಾಲ್ಶ್‌ ಎಂಬ ಕಿರಿಯ ಕಲಾವಿದರು, ಹ್ಯಾರಿಹೌಸನ್‌ ಅವರ ಜೊತೆಯಲ್ಲೇ, ಅದೇ ಹಳೆಯ ಬೊಂಬೆಗಳಿಂದ 2002ರಲ್ಲಿ ಪೂರೈಸಿದರು. ಐವತ್ತು ವರ್ಷ ಕಳೆದರೂ ಬೊಂಬೆಗಳು ನಟಿಸಲು ಸಿದ್ಧವಿದ್ದವು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ಇದೇ ಕಥೆಯನ್ನು ಮನೆಯ ಮೇಜಿನ ಮೇಲೆ, ಒಂದು ಮೊಬೈಲ್‌ ಫೋನಿನಿಂದ ಮಾಡಬಹುದು. ಮೊದಲು ಕಥೆಯನ್ನು ದೃಶ್ಯಗಳಾಗಿ ಬಿಡಿಸಿ, ಪ್ರತಿಯೊಂದೂ ಎಷ್ಟು ಸೆಕೆಂಡ್‌ ಎಂದು ಬರೆದುಕೊಳ್ಳಿ. ಸೆಕೆಂಡಿಗೆ 12 ಫೋಟೊಗಳೆಂದರೂ ಒಂದು ನಿಮಿಷಕ್ಕೆ 720 ಬೇಕಾಗುವುದರಿಂದ, ಮೊದಲ ಪ್ರಯತ್ನಕ್ಕೆ ಅಷ್ಟೇ ಸಾಕು.

ಬೊಂಬೆಗೆ ಅಲ್ಯೂಮಿನಿಯಂ ತಂತಿಯನ್ನು ಹೊಸೆದು ಎಲುಬುಗೂಡು ಮಾಡಿ, ಒಣಗದ ಮಾಡೆಲಿಂಗ್‌ ಕ್ಲೇ ಮೆತ್ತಿ. ಕುಂಬಾರರ ಜೇಡಿಮಣ್ಣು ಒಣಗಿ ಬಿರುಕು ಬಿಡುತ್ತದೆ. ನೆಲಕ್ಕೆ ಥರ್ಮೋಕೋಲ್‌ ಹಾಸಿದರೆ ಮೊಲದ ಪಾದವನ್ನು ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಬಹುದು. ಹ್ಯಾರಿಹೌಸನ್‌ಗೆ ಬೊಂಬೆಗಳ ಲೋಹದ ಕೀಲುಗಳನ್ನು ತಂದೆ ಮಾಡಿಕೊಡುತ್ತಿದ್ದರು, ಉಡುಪುಗಳನ್ನು ತಾಯಿ ಹೊಲಿಯುತ್ತಿದ್ದರು. ನೀವೂ ಮನೆಮಂದಿಯ ನೆರವು ಕೇಳಲು ಹಿಂಜರಿಯಬೇಡಿ.

ಕಿಟಕಿಯ ಪರದೆ ಎಳೆದು, ಒಂದೇ ದೀಪದ ಬೆಳಕಿನಲ್ಲಿ, ಫೋನನ್ನು ಟ್ರೈಪಾಡ್‌ಗೆ ಬಿಗಿದು ಫೋಕಸ್‌ ಮತ್ತು ಎಕ್ಸ್‌ಪೋಷರ್‌ (ಫೋಟೊಗೆ ಸಿಗುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್‌ ಮಾಡಿ. ಇಲ್ಲದಿದ್ದರೆ ಹೊರಗೆ ಮೋಡ ಸರಿದಾಗಲೆಲ್ಲ ಚಿತ್ರ ಮಿಣುಕುತ್ತದೆ.

ಇನ್ನು ಚಲನೆ. ಒಂದು ಫೋಟೊದಿಂದ ಇನ್ನೊಂದಕ್ಕೆ ಬೊಂಬೆಯನ್ನು ಎಷ್ಟು ಸರಿಸುತ್ತೀರಿ ಎಂಬುದರಲ್ಲೇ ಅದರ ಸ್ವಭಾವವಿದೆ. ಆಮೆಯನ್ನು ಪ್ರತಿ ಸಲವೂ ಎರಡೇ ಮಿಲಿಮೀಟರ್‌, ಒಂದೇ ಸಮನೆ ಸರಿಸಿ. ಮೊಲ ಮಾತ್ರ ನೆಗೆಯುವ ಮುನ್ನ ಮೂರು ನಾಲ್ಕು ಫೋಟೊಗಳಲ್ಲಿ ಮೈ ಕುಗ್ಗಿಸಬೇಕು, ಮೊದಲು ಅರ್ಧ ಸೆಂಟಿಮೀಟರ್‌, ಆಮೇಲೆ ಒಂದು, ಆಮೇಲೆ ಎರಡು ಎಂದು ಸರಿಸುವ ಅಂತರ ಹಿಗ್ಗುತ್ತ ಹೋಗಬೇಕು. ಆರಂಭದಿಂದಲೇ ಸಮಾನ ಅಂತರವಿಟ್ಟರೆ ಅದು ಓಡುವುದಿಲ್ಲ, ಜಾರುತ್ತದೆ.

ಅತ್ಯಂತ ಕಷ್ಟದ ದೃಶ್ಯ ಮೊಲದ ನಿದ್ದೆ. ಅಲುಗಾಡದ ಬೊಂಬೆ ನಿದ್ರಿಸುವಂತೆ ಕಾಣದು, ಸತ್ತಂತೆ ಕಾಣುತ್ತದೆ. ಹೊಟ್ಟೆಯ ಮೇಲಿನ ಕ್ಲೇಯನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಉಬ್ಬಿಸುತ್ತ 12 ಫೋಟೊ, ತಗ್ಗಿಸುತ್ತ 12 ಫೋಟೊ ತೆಗೆಯಿರಿ. ಆ ಒಂದು ಉಸಿರಿನ ಹೊತ್ತಿನಲ್ಲಿ ಹಿನ್ನೆಲೆಯ ಆಮೆ ಐದು ಸೆಂಟಿಮೀಟರಿನಷ್ಟೂ ದಾಟಿರುವುದಿಲ್ಲ. ಆದರೂ ಪ್ರತಿ ಫೋಟೊಗೂ ಅದನ್ನು ಸರಿಸಲು ಮರೆಯಬೇಡಿ.